ಹಿಂದಿನ ಕೋಣೆಗೆ ನೆಟ್

ತನ್ನ ಅಮ್ಮನ ಮನೆಯಿಂದ ಮಗಳು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ನಿನ್ನ ಮನೇಲಿ ಹಿಂದಿನ ರೂಮಿಗೆ ನೆಟ್ ಬರಲ್ಲಪ್ಪ. ಬರೋ ಹಾಗಿದ್ರೆ ಶನಿವಾರ ಉಳ್ಕೋತೀನಿ. ಇಲ್ಲಾಂದ್ರೆ ಬೇಡ, ಬೇಜಾರು ಮಾಡ್ಕೋಬೇಡ.”

ಬೇಜಾರು ಮಾಡಿಕೊಳ್ಳಲು ಅವನಿಗೆ ಪುರಸೊತ್ತಿರಲಿಲ್ಲ. ಕಂಪ್ಯೂಟರ್ ರಿಪೇರಿಯೇ ಕಸುಬಾದ್ದರಿಂದ ಕಟ್ಟಡದವರೆಲ್ಲ ಅವನನ್ನು ‘ಡಾಕ್ಟ್ರು’ ಎನ್ನುತ್ತಿದ್ದರು. ನಿಜವಾದ ಹೆಸರು ಕೇಳುವಷ್ಟು ಬಳಕೆ ಯಾರಿಗೂ ಇರಲಿಲ್ಲ. ಅಂಗಡಿಯಿಂದ ಹೊಸ ರೂಟರ್ ತಂದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಅಂಗಡಿಯದನ್ನು ಯಾವ ಅಪ್ಪನಾದರೂ ತರಬಹುದು.

ಮಂಚದ ಕೆಳಗಿನ ಪೆಟ್ಟಿಗೆಗಳನ್ನೆಲ್ಲ ಎಳೆದ. ಯಾವುದೋ ಕಚೇರಿ ಎಸೆದಿದ್ದ ಮದರ್‌ಬೋರ್ಡು, ಇನ್ನೆಲ್ಲಿಂದಲೋ ಕಿತ್ತ ಮೆಮೊರಿ, ಮುದುಕರಂತೆ ಗೊರಕೆ ಹೊಡೆಯುವ ಫ್ಯಾನು, ಜೊತೆಗೆ ಎರಡು ನೆಟ್‌ವರ್ಕ್ ಕಾರ್ಡು; ಎಲ್ಲ ಸೇರಿಸಿ ರೂಟರಿನ ಕೆಲಸ ಮಾಡುವ ಒಂದು ಪೆಟ್ಟಿಗೆ ಕಟ್ಟಿದ. ಒಂದು ಕಾರ್ಡಿಗೆ ಇಡೀ ಕಟ್ಟಡ ಹಂಚಿಕೊಂಡಿದ್ದ ನೆಟ್ ಲೈನು. ಇನ್ನೊಂದರಿಂದ ಹಿಂದಿನ ಕೋಣೆಯ ಗೋಡೆಗೆ ತಗುಲಿಹಾಕಿದ ವೈಫೈ ಡಬ್ಬಿಗೆ ವೈರು. ಶುಕ್ರವಾರ ಸಂಜೆ ಎಲ್ಲ ಸರಾಗವಾಗಿ ಓಡಿತು. “ಹೇಗಿದೆ?” ಎಂದು ಜೋರಾಗಿಯೇ ಕೇಳಿದ. ಫ್ಯಾನು ಗೊರಕೆ ಹೊಡೆಯಿತು.

ಶನಿವಾರ ಬೆಳಿಗ್ಗೆ ವೈರುಗಳ ಗೋಜಲು ಮಗಳ ಕಣ್ಣಿಗೆ ಬೀಳದಿರಲೆಂದು ವೈರು ಕಿತ್ತು, ಪೆಟ್ಟಿಗೆಯನ್ನು ಗೋಡೆಯ ಕಡೆ ತಿರುಗಿಸಿಟ್ಟ. ಎಡಗಡೆಯ ವೈರನ್ನು ಮತ್ತೆ ಎಡಗಡೆಗೇ ಚುಚ್ಚಿದ. ಪೆಟ್ಟಿಗೆ ತಿರುಗಿದ ಮೇಲೆ ಅದರ ಎಡವೂ ಬಲವೂ ಅದಲುಬದಲಾಗುತ್ತವೆಂಬುದು ಮಾತ್ರ ಡಾಕ್ಟ್ರ ತಲೆಗೆ ಹೊಳೆಯಲಿಲ್ಲ.

ಮಗಳು ಬಂದು ಚೀಲ ಇಳಿಸಿ ಫೋನ್ ನೋಡಿದಳು. “ನೆಟ್ಟೇ ಇಲ್ವಲ್ಲಪ್ಪ!”

ಅವನು ಪೆಟ್ಟಿಗೆಯತ್ತ ಹೆಜ್ಜೆಯಿಟ್ಟ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಎದುರುಮನೆಯ ಮೇಷ್ಟ್ರು, ಅವರ ಹಿಂದೆ ಮೇಲ್ಮನೆಯ ನರ್ಸಮ್ಮ. ಇಬ್ಬರೂ ಈ ಹೊಸ್ತಿಲು ತುಳಿದದ್ದು ಇದೇ ಮೊದಲು.

“ಡಾಕ್ಟ್ರೇ, ಇಡೀ ಬಿಲ್ಡಿಂಗಿಗೇ ನೆಟ್ ಸತ್ತುಹೋಗಿದೆ. ಸ್ವಲ್ಪ ನಾಡಿ ಹಿಡಿದು ನೋಡ್ರಿ.”

ಮೇಷ್ಟ್ರ ಫೋನು ನೋಡಿದ. ಅದಕ್ಕೆ ಸಿಕ್ಕಿದ್ದ ನೆಟ್ ಅಡ್ರೆಸ್ಸಿನ ಅಂಕಿಗಳು ಅವನೇ ತನ್ನ ಪೆಟ್ಟಿಗೆಗೆಂದು ಆರಿಸಿದ್ದವು. ಮಗಳೊಬ್ಬಳಿಗೆ ನೆಟ್ ಹಂಚಬೇಕಿದ್ದ ಪೆಟ್ಟಿಗೆ ಅವಳನ್ನು ಬಿಟ್ಟು ಇಡೀ ಕಟ್ಟಡದ ಯಜಮಾನಿಕೆ ವಹಿಸಿಕೊಂಡು, ಎಲ್ಲರಿಗೂ ತಪ್ಪು ದಾರಿ ತೋರಿಸುತ್ತ ಕೂತಿತ್ತು.

“ಲೈನಲ್ಲೇನೋ ತೊಂದ್ರೆ,” ಎಂದ, ಗಂಭೀರವಾಗಿ.

ಮಗಳು ಪೆಟ್ಟಿಗೆಯ ಹಿಂದೆ ಇಣುಕಿದಳು, ಅಪ್ಪನ ಮುಖ ನೋಡಿದಳು. ಅವರಿಬ್ಬರೂ ಹೊರಟ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಪ್ಪಾ, ಇದು ನಿಂದೇ ಘನಕಾರ್ಯ ತಾನೆ?”

“ಬಾಯ್ಮುಚ್ಚೇ, ಕೇಳಿಸುತ್ತೆ!”

ಟಾರ್ಚ್ ಅವಳು ಹಿಡಿದಳು, ವೈರು ಅವನು ಬದಲಿಸಿದ. ಬಗ್ಗಿದಾಗ ತಲೆಗೆ ತಲೆ ಢೀ ಕೊಟ್ಟು ಮತ್ತೆ ನಗು. ಇನ್ನೂ ಏನೇನು ಚುಚ್ಚಿ ಕೀಳಬಹುದಪ್ಪಾ ಎಂದು ಅವನು ಹುಡುಕುತ್ತಿರುವಾಗಲೇ ಅವಳ ಫೋನು ಟಿಣ್ ಟಿಣ್ ಎಂದಿತು. ಮೇಲಿಂದ ನರ್ಸಮ್ಮ “ಬಂತು ಡಾಕ್ಟ್ರೇ!” ಎಂದು ಕೂಗಿದರು. ಮತ್ತೆ ಯಾರೂ ಬಾಗಿಲು ಬಡಿಯಲಿಲ್ಲ.

“ಸೂಪರ್ ಅಪ್ಪ,” ಎನ್ನುತ್ತ ಮಗಳು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಊಟಕ್ಕೆ ಕೂಗಿದ. ಕಿವಿಯಲ್ಲಿ ಹೆಡ್‌ಫೋನು, ಕೇಳಿಸಲಿಲ್ಲ. ಬಾಗಿಲು ಬಡಿದ. ಇಲ್ಲ. ಕೊನೆಗೆ ಮೇಜಿನ ಮುಂದೆ ಕೂತು ಮೆಸೇಜ್ ಹಾಕಿದ: “ಊಟಕ್ಕೆ ಬಾ ಪುಟ್ಟಿ.”

ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. “ಬಂದೆ. ನೆಟ್ ಸಖತ್ತಾಗಿದೆ. ಮುಂದಿನ ಶನಿವಾರನೂ ಬರ್ತೀನಿ.”

ಅವನು ಅದನ್ನು ಮತ್ತೆ ಮತ್ತೆ ಓದಿದ. ಬಾಗಿಲು ಇನ್ನೂ ತೆರೆದಿರಲಿಲ್ಲ. ಎರಡೂ ತಟ್ಟೆಗಳಿಗೆ ಬಡಿಸಿ, ಕಾಯುತ್ತ ಕೂತ.