ಮೊಳೆ ಹೊಡೆಯುವ ಶುಕ್ರವಾರ

ಊಟದ ಮೇಜಿನ ಮೇಲೆ ಸುತ್ತಿಗೆ ಇಟ್ಟರೆ ನನಗೆ ಆಗುವುದಿಲ್ಲ. ಅದರ ಪಕ್ಕದಲ್ಲೇ ನನ್ನ ಮಗಳ ಪುಸ್ತಕವನ್ನೂ ಇಟ್ಟಿದ್ದರೆ ಕೇಳಲೇಬೇಡಿ. ನೀಲಿ ರಟ್ಟಿನ ಪುಸ್ತಕ, ಪ್ರೆಸ್ಸಿನಿಂದ ಹಿಂದಿನ ದಿನವಷ್ಟೇ ಬಂದದ್ದು. ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಅವಳ ಹೆಸರು, ಸ್ಪಂದನಾ ಶೇಷಾದ್ರಿ. ಸ್ಟಾಕ್‌ಹೋಮಿನ ಚಳಿಯಲ್ಲಿ ಐದು ವರ್ಷ ಕೂತು ಅಭಿವೃದ್ಧಿ ಅರ್ಥಶಾಸ್ತ್ರದ ಡಾಕ್ಟರೇಟಿಗೆ ಅವಳು ಬರೆದ ಪ್ರಬಂಧ ಅದು. ನಾನು ಮೈಸೂರಿನಿಂದ ಬಂದದ್ದೇ, ಎಲ್ಲರೆದುರು ನಡೆಯುವ ಅದರ ಮೌಖಿಕ ಪರೀಕ್ಷೆಯ ದಿನ ಮುಂದಿನ ಸಾಲಿನಲ್ಲಿ ಕೂರಬೇಕೆಂದು. ಎತ್ತಿ ಕಣ್ಣಿಗೊತ್ತಿಕೊಳ್ಳಲು ಹೋದರೆ ಮೇಲಿನ ಮೂಲೆಯಲ್ಲಿ ಒಂದು ತೂತು!

"ಏನೇ ಇದು, ಇಲಿ ಕಡೀತಾ?"

"ಇಲ್ಲ ಅತ್ತೆ, ನಾನೇ ಡ್ರಿಲ್ ಮಾಡ್ದೆ," ಎಂದರು ಅಳಿಯ ಸುಹಾಸ್, ಏನೋ ಘನಕಾರ್ಯ ಮಾಡಿದವರ ಹಾಗೆ. ಇಲ್ಲೇ ಕಿಸ್ಟಾ ಬಡಾವಣೆಯಲ್ಲಿ ಟೆಲಿಕಾಂ ಕೆಲಸ ಮಾಡುವ ಈ ಮಹಾನುಭಾವರಿಗೆ ಡ್ರಿಲ್ ಎಂದರೆ ಪ್ರಾಣ. "ಶುಕ್ರವಾರ ಇವಳ ಡಿಪಾರ್ಟ್‌ಮೆಂಟಲ್ಲಿ ಇದನ್ನ ಗೋಡೆಗೆ ಹೊಡೀಬೇಕಲ್ಲ, ಅದಕ್ಕೆ."

"ಏನನ್ನ ಹೊಡೀಬೇಕು?"

"ಪುಸ್ತಕಾನ. ಮೊಳೆ ಹಾಕಿ."

ನಾನು ಕಾಫಿ ಲೋಟ ಕೆಳಗಿಟ್ಟೆ. ಸ್ಪಂದನಾ ಗಂಡನನ್ನು ಕಣ್ಣಲ್ಲೇ ಗದರಿಸಿ ನನ್ನ ಕಡೆ ತಿರುಗಿದಳು. ಈ ದೇಶದ ಪದ್ಧತಿ ಹಾಗಂತೆ. ಪರೀಕ್ಷೆಗೆ ಮೂರು ವಾರ ಮುಂಚೆ, ಬರೆದವರೇ ತಮ್ಮ ಪ್ರಬಂಧವನ್ನು ಎಲ್ಲರೆದುರು ಮೊಳೆ ಹೊಡೆದು ಗೋಡೆಗೆ ಸಿಕ್ಕಿಸಬೇಕಂತೆ.

"ಸರಸ್ವತಿಗೆ ಮೊಳೆ ಹೊಡೀತೀಯಾ? ಅದೂ ಶುಕ್ರವಾರ?"

"ಅಮ್ಮಾ, ಇದು ಪೇಪರ್ ಅಷ್ಟೇ. ರೂಮಲ್ಲಿ ಇನ್ನೂ ಎರಡು ಬಾಕ್ಸ್ ಕಾಪಿ ಇದೆ."

"ದೇವರ ಪಟಾನೂ ಪೇಪರ್ರೇ ಕಣೇ."

"ಅದನ್ನೂ ಮೊಳೆಗೇ ಅಲ್ವಾ ಅತ್ತೆ ಹಾಕಿರೋದು?" ಎಂದರು ಸುಹಾಸ್.

"ಮೊಳೆಗೆ ಹಾಕೋದು ಬೇರೆ, ಮೊಳೆ ಹೊಡೆಯೋದು ಬೇರೆ! ನೀವು ಸುಮ್ನಿರಿ!" ಅಳಿಯನಿಗೆ ನಾನು ಬಹುವಚನ ಬಿಡುವವಳಲ್ಲ. ಆದರೆ ಬಹುವಚನದಲ್ಲೂ ಚೆನ್ನಾಗಿ ಬಯ್ಯಬಹುದು. ನಾನು ಜೀವನವಿಡೀ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದು ಹೆಡ್‌ಮಿಸ್ಸಾಗಿ ರಿಟೈರಾದವಳು. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳಬೇಕು, ಎಂಜಲು ಹಚ್ಚಿ ಹಾಳೆ ತಿರುವಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು. ಇದನ್ನು ನಾನು ಹೇಳಿಕೊಡದ ಮಗುವೇ ನಮ್ಮ ಶಾಲೆಯಲ್ಲಿರಲಿಲ್ಲ. ಸ್ವಂತ ಮಗಳನ್ನು ಬಿಟ್ಟೇನೆಯೇ?

ಆ ಪುಸ್ತಕದ ವಿಷಯ ಕೇಳಿದರೆ ನಿಮಗೂ ನಗು ಬರುತ್ತದೆ. ನಮ್ಮ ಶಾಲೆಗಳ ಬಿಸಿಯೂಟ. ಮೊದಲು ಕೇಳಿದಾಗ, "ಅನ್ನ ಸಾರು ಹಾಕಿದ್ರೆ ಮಕ್ಕಳು ಬರ್ತಾರೆ ಅನ್ನೋದಕ್ಕೆ ಐದು ವರ್ಷ ಬೇಕೇನೇ? ನನ್ನ ಕೇಳಿದ್ರೆ ಫೋನಲ್ಲೇ ಹೇಳ್ತಿದ್ನಲ್ಲ," ಎಂದಿದ್ದೆ.

"ಯಾರ ಮಕ್ಕಳು ಬರ್ತಾರೆ, ಎಷ್ಟು ಜನ ಉಳೀತಾರೆ, ಊಟ ನಿಂತ್ರೆ ಯಾರು ಮೊದಲು ಬಿಡ್ತಾರೆ, ಅದನ್ನ ತೋರಿಸ್ಬೇಕಮ್ಮ. ಇಲ್ದಿದ್ರೆ ಸರ್ಕಾರ ಬದಲಾದಾಗ ಊಟಾನೂ ಹೋಗತ್ತೆ," ಎಂದಿದ್ದಳು. ಆಮೇಲೆ ಸಪ್ಪೆ ಮುಖ ಮಾಡಿಕೊಂಡು, "ತೋರಿಸಿದ್ರೂ ಓದೋರು ಯಾರು ಹೇಳು. ಥೀಸಿಸ್‌ನ ಗೈಡು, ಎಕ್ಸಾಮಿನರ್ರು ಬಿಟ್ರೆ ಬರೆದವರೇ ಓದ್ಕೋಬೇಕು," ಎಂದೂ ಸೇರಿಸಿದ್ದಳು. ಆ ಮಾತು ನನಗೆ ಚುಚ್ಚಿತ್ತು.

ಈಗ ಜಗಳಕ್ಕೆ ವ್ಯವಧಾನವೂ ಇರಲಿಲ್ಲ. ಶುಕ್ರವಾರ ಮೊಳೆ ಬೀಳದಿದ್ದರೆ ಪರೀಕ್ಷೆಯ ದಿನ ತಪ್ಪುತ್ತದೆ. ಜೂನ್ ಮುಗಿಯುತ್ತಿದ್ದಂತೆ ಈ ದೇಶಕ್ಕೆ ದೇಶವೇ ರಜಾ. ಆಮೇಲೆ ಸೆಪ್ಟೆಂಬರಿನ ಮಾತು, ಅಷ್ಟು ಹೊತ್ತಿಗೆ ನನ್ನ ವೀಸಾ ಮುಗಿದು ನಾನು ಮೈಸೂರಿನಲ್ಲಿರುತ್ತೇನೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ, "ನೀನು ಏನಾದ್ರೂ ಮಾಡ್ಕೋ, ನಾನಂತೂ ಬರಲ್ಲ," ಎಂದೆ.

ಹೋದೆ. ಹೋಗದೆ ಏನು ಮಾಡಲಿ? ಫೀಕಾಕ್ಕೆಂದು ಒಂದು ತಟ್ಟೆ ಕೊಬ್ಬರಿ ಮಿಠಾಯಿ ಮಾಡಿದ್ದೆ. ಇಲ್ಲಿಯವರು ಕಾಫಿ, ತಿಂಡಿ, ಹರಟೆ ಮೂರನ್ನೂ ಸೇರಿಸಿ ಫೀಕಾ ಎನ್ನುತ್ತಾರೆ, ಅದನ್ನು ತಪ್ಪಿಸಿದರೆ ಕೆಲಸವೇ ಸಾಗುವುದಿಲ್ಲ. ಮಿಠಾಯಿಯನ್ನು ಸುಹಾಸ್ ಕೈಗೆ ಕೊಟ್ಟರೆ ಮೆಟ್ರೋದಲ್ಲೇ ಅರ್ಧ ಖಾಲಿ. ತಟ್ಟೆ ಕಾಯಲು ಹೋಗುತ್ತಿದ್ದೇನೆ, ಮೊಳೆ ಹೊಡೆಯುವಾಗ ಗೋಡೆಗೆ ಬೆನ್ನು ಮಾಡಿ ನಿಲ್ಲುತ್ತೇನೆ ಎಂದು ಮೊದಲೇ ಹೇಳಿಬಿಟ್ಟೆ.

ಕಾರಿಡಾರಿನಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಪಕ್ಕದ ಮೇಜಿನ ಮೇಲೆ ಫೀಕಾದ ಕಾಫಿ, ದಾರ ಕಟ್ಟಿದ ಒಂದು ಕೇಕಿನ ಡಬ್ಬಿ. ಗೋಡೆಯ ಮೇಲೆ ಉದ್ದನೆಯ ಮರದ ಹಲಗೆ, ಅದರಲ್ಲಿ ಹಿಂದಿನವರ ಪ್ರಬಂಧಗಳು ಸಾಲಾಗಿ ಮೊಳೆ ಹೊಡೆಸಿಕೊಂಡು ನೇತಾಡುತ್ತಿದ್ದವು. ಸ್ಪಂದನಾಳ ಗೈಡು ಗುನಿಲ್ಲಾ ಬಂದು ಕೈ ಕುಲುಕಿದರು. ಅಷ್ಟು ದೊಡ್ಡ ಪ್ರೊಫೆಸರನ್ನು ಇಲ್ಲಿ ವಿದ್ಯಾರ್ಥಿಗಳು ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಬಾಯಿಗೆ ಅದು ಬರಲಿಲ್ಲ. "ಗುನಿಲ್ಲಾ ಮೇಡಂ" ಎಂದೆ, ಅವರಿಗೆ ಖುಷಿಯೇ ಆಯಿತು.

ಎಲ್ಲರೂ ಸುಮ್ಮನಾದರು. ನಾನು ಹೇಳಿದ ಹಾಗೆ ಬೆನ್ನು ತಿರುಗಿಸಿ ನಿಂತೆ. ಕಾದೆ. ಸದ್ದೇ ಇಲ್ಲ. ಯಾರೋ ಕೆಮ್ಮಿದರು. ಮತ್ತೂ ಸದ್ದಿಲ್ಲ. ತಡೆಯಲಾರದೆ ತಿರುಗಿದೆ.

ನನ್ನ ಮಗಳು ಎಡಗೈಯಲ್ಲಿ ಪುಸ್ತಕ, ಮೊಳೆ ಎರಡನ್ನೂ ಹಲಗೆಗೆ ಒತ್ತಿಹಿಡಿದು ಬಲಗೈಯಲ್ಲಿ ಸುತ್ತಿಗೆ ಎತ್ತಿ ನಿಂತಿದ್ದಳು. ಎತ್ತಿದ ಕೈ ಕೆಳಗೆ ಬರುತ್ತಿರಲಿಲ್ಲ. ಇಳಿಸಿದಳು. ಮತ್ತೆ ಎತ್ತಿದಳು. ಮತ್ತೆ ನಿಂತಿತು.

"ನಾನು ಹೊಡೀಲಾ?" ಎಂದರು ಸುಹಾಸ್.

"ಬರೆದವರೇ ಹೊಡೆಯಬೇಕು," ಎಂದು ಗುನಿಲ್ಲಾ ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು.

ಸ್ಪಂದನಾ ನನ್ನ ಕಡೆ ನೋಡಿದಳು. "ಅಮ್ಮಾ, ಆಗ್ತಿಲ್ಲ ಕಣಮ್ಮ," ಎಂದಳು. ಪೇಪರ್ ಅಷ್ಟೇ ಎಂದು ವಾದಿಸಿದವಳು ಅವಳೇ. ಕಣ್ಣಲ್ಲಿ ನೀರು ತುಂಬಿತ್ತು. ನನಗೆ ನನ್ನ ಮೇಲೇ ಸಿಟ್ಟು ಬಂತು, ಅದರ ಜೊತೆಗೇ ಹೆಮ್ಮೆಯೂ ಆಯಿತು. ಕಲಿಸಿದ್ದನ್ನು ಎಷ್ಟು ಚೆನ್ನಾಗಿ ಕಲಿತಿದ್ದಾಳೆ, ನನ್ನ ಬಂಗಾರ! ಹೆಮ್ಮೆ ಪಟ್ಟುಕೊಂಡು ಏನು ಮಾಡುವುದು, ಪರೀಕ್ಷೆಯೇ ಕೈಬಿಟ್ಟು ಹೋಗುವುದರಲ್ಲಿತ್ತು.

"ಮೇಡಂ," ಎಂದೆ ನನ್ನ ಶಾಲೆಯ ಇಂಗ್ಲಿಷಿನಲ್ಲಿ, "ಗೋಡೆಗೇ ಯಾಕೆ? ನಿಮ್ಮಲ್ಲಿ ಬೀರು ಇಲ್ಲವೇ?"

ಗುನಿಲ್ಲಾ ನಗಲಿಲ್ಲ. "ಬೀರುವಿನಲ್ಲಿಟ್ಟರೆ ಯಾರಿಗೆ ಕಾಣುತ್ತದೆ? ಪರೀಕ್ಷೆಗೆ ಮುಂಚೆ ಯಾರು ಬೇಕಾದರೂ ಓದಬೇಕು. ಈ ದಾರಿಯಲ್ಲಿ ಹೋಗುವವರು, ಅವಳ ಮಾತು ಒಪ್ಪದವರು, ಯಾರಾದರೂ. ಅದಕ್ಕೇ ಎಲ್ಲರ ಕೈಗೆ ಸಿಗುವಲ್ಲಿ ಹಾಕುವುದು."

ನನಗೆ ನಮ್ಮ ಅಡುಗೆಮನೆಯ ಪಂಚಾಂಗ ನೆನಪಾಯಿತು. ಮೂಲೆಯಲ್ಲಿ ತೂತು, ತೂತಿಗೊಂದು ದಾರ, ಬಾಗಿಲ ಪಕ್ಕದ ಮೊಳೆಗೆ ವರ್ಷಪೂರ್ತಿ ಜೋತಾಡುವ ಪುಸ್ತಕ. ಏಕಾದಶಿ ಯಾವತ್ತು, ರಾಹುಕಾಲ ಯಾವಾಗ ಎಂದು ಮನೆಯವರೆಲ್ಲ ದಿನಾ ಎಳೆದು ನೋಡುವವರೇ. ಯುಗಾದಿಗೆ ತೆಗೆಯುವ ಹೊತ್ತಿಗೆ ಪುಟಪುಟಕ್ಕೂ ಅರಿಶಿನದ ಬೆರಳಿನ ಗುರುತು. ನಮ್ಮ ಗಾಜಿನ ಬೀರುವಿನ ಪುಸ್ತಕಗಳು ಮಾತ್ರ ತಂದ ದಿನ ಇದ್ದ ಹಾಗೇ ಇವೆ.

"ಸುಹಾಸ್, ಆ ಕೇಕಿನ ಡಬ್ಬಿಗೆ ಕಟ್ಟಿರೋ ದಾರ ಬಿಚ್ಚಿಕೊಡಿ," ಎಂದೆ.

ಪುಸ್ತಕವನ್ನು ಮಗಳ ಕೈಯಿಂದ ಇಸಿದುಕೊಂಡೆ. ತೂತಿನಲ್ಲಿ ದಾರ ಪೋಣಿಸಿ, ಪಂಚಾಂಗಕ್ಕೆ ಹಾಕುವ ಹಾಗೇ ಗಂಟು ಹಾಕಿದೆ. "ಈಗ ಮೊಳೆ ಮರಕ್ಕೆ ಹೊಡಿ. ಪುಸ್ತಕಕ್ಕಲ್ಲ. ಅಡುಗೆಮನೆ ಪಂಚಾಂಗ ಅಂದ್ಕೋ."

ಸ್ಪಂದನಾ ಅಳುತ್ತಲೇ ನಕ್ಕಳು. ಮೊದಲ ಮೊಳೆ ಸೊಟ್ಟಗಾಯಿತು. ಎರಡನೆಯದನ್ನು ಹೇಗೆ ಬಡಿದಳೆಂದರೆ ಪಕ್ಕದ ಪ್ರಬಂಧಗಳೆಲ್ಲ ಕುಣಿದವು. ದಾರ ಸಿಕ್ಕಿಸಿ ಪುಸ್ತಕ ಕಣ್ಣಿಗೊತ್ತಿಕೊಂಡಳು, ನಾನೂ ಒತ್ತಿಕೊಂಡೆ. ಇದೂ ಪದ್ಧತಿಯ ಭಾಗವೆಂದುಕೊಂಡರೋ ಏನೋ, ಗುನಿಲ್ಲಾ ಕನ್ನಡಕ ತೆಗೆದು ತಾವೂ ಒತ್ತಿಕೊಂಡರು. ಅಷ್ಟೇ ಸಾಕಾಯಿತು ನೋಡಿ. ಸ್ವೀಡನ್ನಿನ ಜನ ಕ್ಯೂ ಕಂಡರೆ ಬಿಟ್ಟಾರೆಯೇ? ಒಬ್ಬರ ಹಿಂದೆ ಒಬ್ಬರು ನಿಂತು, ಗಂಭೀರವಾಗಿ ಪುಸ್ತಕ ಕಣ್ಣಿಗೊತ್ತಿಕೊಂಡು, ಆಮೇಲೆ ನನ್ನ ಹತ್ತಿರ ಬಂದು ಒಂದೊಂದೇ ಕೊಬ್ಬರಿ ಮಿಠಾಯಿ ತೆಗೆದುಕೊಂಡರು. ಥೇಟ್ ಮಂಗಳಾರತಿ, ಪ್ರಸಾದ! ಸುಹಾಸ್ ಎರಡು ಸಲ ಕ್ಯೂ ನಿಂತದ್ದನ್ನು ನಾನು ನೋಡಿಯೂ ನೋಡದವಳಂತೆ ಇದ್ದೆ.

ಸೋಮವಾರ ಮನೆಯಲ್ಲಿ ಕೂರಲು ಮನಸ್ಸಾಗಲಿಲ್ಲ. ಒಬ್ಬಳೇ ಮೆಟ್ರೋ ಹತ್ತಿ ಹೋದೆ. ಕಾರಿಡಾರು ಖಾಲಿ. ನೀಲಿ ಪುಸ್ತಕ ದಾರದಲ್ಲಿ ಸ್ವಲ್ಪ ಓರೆಯಾಗಿ ನೇತಾಡುತ್ತಿತ್ತು. ಅಯ್ಯೋ, ಯಾರೂ ಮುಟ್ಟಿಲ್ಲವೇ ಎಂದು ಹತ್ತಿರ ಹೋಗಿ ಹಾಳೆ ತಿರುವಿದೆ. ಮೂರನೆಯ ಅಧ್ಯಾಯದಲ್ಲಿ ಕೈ ನಿಂತಿತು. ಊಟ ನಿಂತರೆ ಮೊದಲು ಶಾಲೆ ಬಿಡುವವರು ಯಾರು ಎಂಬ ಪುಟ. ಅದರ ನಟ್ಟನಡುವೆ ಕಾಫಿ ಲೋಟದ ತಳದಷ್ಟಗಲ ಕಂದು ಉಂಗುರ. ಪಕ್ಕದಲ್ಲಿ ಬೆಣ್ಣೆ ಬನ್ನಿನದೇ ಇರಬೇಕು, ಎಣ್ಣೆ ಬೆರಳಿನ ಗುರುತು. ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬೇರೆ ಹಾಕಿದ್ದರು.

ನಮ್ಮ ಶಾಲೆಯ ಮಗು ಯಾವುದಾದರೂ ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ಅಲ್ಲೇ ನಿಂತು ಮಗಳಿಗೆ ಫೋನು ಮಾಡಿದೆ.

"ಸ್ಪಂದೀ, ನಿನ್ನ ಪುಸ್ತಕ ಗಲೀಜು ಮಾಡಿದಾರೆ ಕಣೇ!" ನನ್ನ ಕೂಗಿಗೆ ಯಾವುದೋ ಕೋಣೆಯ ಬಾಗಿಲು ತೆರೆಯಿತು. "ಕಾಫಿ ಚೆಲ್ಲಿದಾರೆ, ಬೆಣ್ಣೆ ಮೆತ್ತಿದಾರೆ, ಗೀಚಿದಾರೆ! ಯಾರೋ ಓದ್ತಿದಾರೆ ಕಣೇ, ಓದ್ತಿದಾರೆ!"