ಬಲಗೈಯ ಹಿಡಿಮಣ್ಣು

ಹೆಣ ಹೂಳುವ ಹೊಲದ ಬಳಿ ಮಲಕವ್ವ ಆಟೋದಿಂದ ಎಡಗಾಲು ಇಳಿಸಿ, ಲಕ್ವಾ ಹೊಡೆದ ಬಲಗಾಲನ್ನು ಎಳೆದುಕೊಳ್ಳುತ್ತಿದ್ದಾಗಲೇ ವೆಂಕಟರಮಣಪ್ಪ ಅಡ್ಡ ಬಂದ. ನಿನ್ನೆ ಎದೆನೋವಿನಿಂದ ತೀರಿಕೊಂಡ ನರ್ಸ್ ನಾಗಲಕ್ಷ್ಮಮ್ಮನ ತಮ್ಮ ಅವನು. ಮಾಕಳಿಯಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟ ಯಜಮಾನ.

"ಗುಂಡಿ ಅತ್ರ ಎಂಗಸ್ರು ಬರಂಗಿಲ್ಲ ಕಣಮ್ಮ. ಇಲ್ಲೇ ಕೈ ಮುಗ್ದು ಒಂಟೋಗು."

"ನಮ್ಮ ಕಡೆ ಹೆಣ್ಮಕ್ಕಳೂ ಮಣ್ಣ ಕೊಡ್ತಾರ್ರಿ. ನಾ ಈ ಕೈಲೇ ಕೊಡಾಕ ಬಂದೀನಿ." ಬಲಗೈ ಎತ್ತಿದಳು. ಅದು ಎದೆಮಟ್ಟಕ್ಕೆ ಬಂದು ನಿಂತಿತು.

ಮಗ ಹನುಮೇಶ ಸೆರಗು ಜಗ್ಗಿದ. "ಬ್ಯಾಡ ಬಿಡವ್ವಾ. ಮಂದಿ ನೋಡಾಕತ್ತಾರ."

"ನೋಡ್ಲಿ."

*

ಲಕ್ವಾ ಹೊಡೆದ ಹೊಸದರಲ್ಲಿ, ರಾಜಗೋಪಾಲನಗರದ ಒಂಟಿಕೋಣೆಯಲ್ಲಿ ಮಲಕವ್ವ ಗೋಡೆಗೆ ಮುಖಮಾಡಿ ಮಲಗಿದ್ದ ಕಾಲವದು. ಹಿಸುಕಲೆಂದು ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಎಸೆದಿದ್ದಳು. ಮನೆಗೇ ಬಂದು ಆರೈಕೆ ಮಾಡುತ್ತಿದ್ದ ನಾಗಲಕ್ಷ್ಮಮ್ಮ ಬೈಯಲಿಲ್ಲ.

"ಈ ಕೈ ಮುಂಚೆ ಏನ್ ಮಾಡ್ತಿತ್ತು ಹೇಳಿ?"

"ಖಾನಾವಳ್ಯಾಗ ರೊಟ್ಟಿ ಬಡೀತಿತ್ರಿ."

ಮರುದಿನ ಜೋಳದ ಹಿಟ್ಟು ಬಂತು. ಅಲ್ಲಿಂದ ಶುರುವಾಯಿತು ನೋಡಿ ಜಟಾಪಟಿ. ಹನುಮೇಶ ತಾಯಿಯ ಕೈಹಿಡಿದು ತಟ್ಟಿಸಲು ಹೋದರೆ ನಾಗಲಕ್ಷ್ಮಮ್ಮ ಕಣ್ಣು ಕೆಂಪಗೆ ಮಾಡುವಳು. "ಬಿಡಪ್ಪ, ಅದು ಅವರ ಕೈ. ಎಷ್ಟೊತ್ತಾದ್ರೂ ಆಗ್ಲಿ." ಸೀಳಿ, ಸೊಟ್ಟಗಾಗಿ, ಒಂದು ಕಡೆ ಹಸಿ ಇನ್ನೊಂದು ಕಡೆ ಕರಕಲಾದ ಮೊದಲ ರೊಟ್ಟಿಯನ್ನು ನಾಗಲಕ್ಷ್ಮಮ್ಮ ಎದುರಿಗೇ ಕೂತು ತಿಂದಳು.

"ಚೆನ್ನಾಗಿಲ್ಲ ಕಣ್ರೀ. ನಾಳೆ ಇನ್ನೊಂದು ಮಾಡಿ."

ಸುಳ್ಳು ಸಮಾಧಾನ ಹೇಳದ ಆ ಹೆಂಗಸಿನ ಮೇಲೆ ಮಲಕವ್ವನಿಗೆ ಅವತ್ತೇ ಒಡಹುಟ್ಟಿದವಳ ಮೇಲಿನಂಥ ಪ್ರೀತಿ ಹುಟ್ಟಿತು.

*

ಕಾರ್ಖಾನೆಯೊಂದರ ಹಿಂಗೋಡೆಗೆ ಅಂಟಿಕೊಂಡು, ಮನೆಯವರು ಮಾರದೆ ಉಳಿಸಿಕೊಂಡ ತುಂಡು ಹೊಲದಲ್ಲಿ ಗುಂಡಿ ತೋಡಿದ್ದರು. ಕಾಲೆಳೆಯುತ್ತ ಬರುವ ಹೆಂಗಸನ್ನು ಮುಟ್ಟಿ ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಮಲಕವ್ವ ಅಂಚಿಗೇ ಬಂದು ನಿಂತಳು. ಮೂರು ಹಿಡಿ ಮಣ್ಣು ಹಾಕುವುದು ರೂಢಿ. ಮೊದಲ ಹಿಡಿಯನ್ನು ಬಲಗೈಯಲ್ಲಿ ತುಂಬಿಕೊಂಡಳೇನೋ ನಿಜ, ಮುಷ್ಟಿ ಬಿಚ್ಚಲೇ ಇಲ್ಲ.

"ಒತ್ತಾಯ್ತದೆ, ಎಡಗೈಲಾಕಮ್ಮ," ಎನ್ನುತ್ತ ವೆಂಕಟರಮಣಪ್ಪ ಅವಳ ಬೆರಳು ಬಿಡಿಸಲು ಬಂದ.

"ಕೈ ತಗೀರಿ! ನಿಮ್ಮ ಅಕ್ಕಾರು ಕಾಯ್ತಿದ್ರು. ನೀವೂ ಕಾಯ್ರಿ."

ಅವನು ಹಿಂದೆ ಸರಿದ. ಕಿರುಬೆರಳು ಅಲುಗಿತು. ಆಮೇಲೆ ಅದರ ಪಕ್ಕದ್ದು. ಹೆಬ್ಬೆರಳು ಮಾತ್ರ ಹಠ ಮಾಡಿತು. ಅವಳ ಹಣೆಯಲ್ಲಿ ಬೆವರೊಡೆಯಿತು. ಕೊನೆಗೂ ಮಣ್ಣು ಜಾರಿತು, ಅರ್ಧ ಅವಳ ಸೀರೆಯ ಮೇಲೆ, ಅರ್ಧ ಗುಂಡಿಯೊಳಗೆ.

ಮುಗಿಯಿತೆಂದುಕೊಂಡು ಆಳುಗಳು ಗುದ್ದಲಿ ಎತ್ತಿದರು.

ಮಲಕವ್ವ ಎರಡನೆಯ ಹಿಡಿಗೆ ಬಗ್ಗಿದಳು. ವೆಂಕಟರಮಣಪ್ಪ ಹೆಗಲ ಮೇಲಿನ ಟವೆಲ್ಲು ಹಾಸಿಕೊಂಡು ನೆಲಕ್ಕೆ ಕೂತ.