ಪಶುವೈದ್ಯೆ ಎರೆಂದಿರಾ ಗಡಿ ದಾಟಿದ್ದು

ಮೆಕ್ಸಿಕೊ ದೇಶದ ನಮ್ಮೂರು ಲಾ ಪ್ರೆಸಿತಾದಲ್ಲಿ ಯಾರಾದರೂ "ಉತ್ತರಕ್ಕೆ ಹೋಗ್ತೀನಿ" ಅಂದರೆ ಸಾಕು, ಮನೆಯ ಹೆಂಗಸರ ಮುಖ ಬಾಡುತ್ತದೆ. ಉತ್ತರ ಅಂದರೆ ಅಮೆರಿಕ. ಹೋದವರು ದುಡ್ಡು ಕಳಿಸುತ್ತಾರೆ, ಹಬ್ಬಕ್ಕೆ ಫೋನ್ ಮಾಡುತ್ತಾರೆ, ಆದರೆ ಬರುವುದಿಲ್ಲ. ಕಾಗದಪತ್ರವಿಲ್ಲದೆ ಕದ್ದು ಹೋದವರು ಒಮ್ಮೆ ಊರಿಗೆ ಬಂದರೆ ತಿರುಗಿ ಕದ್ದೇ ಹೋಗಬೇಕು. ಹಾಗಾಗಿ ಅಲ್ಲೇ ಉಳಿಯುತ್ತಾರೆ. ಅಂಥವರಿಲ್ಲದ ಮನೆ ನಮ್ಮೂರಲ್ಲಿಲ್ಲ.

ಇನ್ನೊಂದು ದಾರಿಯೂ ಇದೆ, ಕೆಲಸದ ವೀಸಾ ಪಡೆದು ಹೋಗುವುದು. ಅದು ಎಲ್ಲರಿಗೂ ಅಲ್ಲ, ಓದಿದ ಕೆಲವರಿಗೆ. ಆದರೆ ಆ ಕೆಲವರಿಗೂ ಅದರ ಸುದ್ದಿ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ಈ ಕಥೆ ಹೇಳುತ್ತಿದ್ದೇನೆ.

ನಾನು ಸೊಕೊರ್ರೊ. ಹಣ್ಣಿನ ಗಿಡಗಳ ರೋಗ ನೋಡುವ ಓದು ನನ್ನದು. ಆ ವೀಸಾದ ಮೇಲೆ ಕೆಲವು ವರ್ಷ ಅಮೆರಿಕದ ಸೇಬಿನ ತೋಟಗಳಲ್ಲಿ ದುಡಿದೆ. ತಿರುಗಿ ಬಂದು ಈಗ ಊರಿನ ಹಾಲಿನ ಸಹಕಾರ ಸಂಘ ನೋಡಿಕೊಳ್ಳುತ್ತೇನೆ. ಕಥೆ ಮಾತ್ರ ಎರೆಂದಿರಾಳದು. ಮಗುವಾಗಿದ್ದಾಗ ಚರ್ಚಿನಲ್ಲಿ ಅವಳಿಗೆ ಜ್ಞಾನಸ್ನಾನ ಆದಾಗ ಎತ್ತಿಕೊಂಡವಳು ನಾನು. ಆದ್ದರಿಂದ ಅವಳಿಗೆ ನಾನು ಮದ್ರೀನಾ, ಅಂದರೆ ಧರ್ಮತಾಯಿ; ಆ ನಂಟಿನಿಂದ ಅವಳಪ್ಪ ಅಮ್ಮನಿಗೆ ನಾನು ಕೊಮಾದ್ರೆ, ಅವಳಪ್ಪ ನನಗೆ ಕೊಂಪಾದ್ರೆ.

ಎರೆಂದಿರಾ ಪಶುವೈದ್ಯೆ. ಹಸುವಿನ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿ, ಅಡ್ಡ ಸಿಕ್ಕಿದ ಕರುವನ್ನು ತಿರುಗಿಸಿ ತೆಗೆಯುವಾಗ ಅವಳನ್ನು ನೋಡಬೇಕು. ಬಾಯಲ್ಲಿ ಮಾತಿಲ್ಲ, ಮುಖದಲ್ಲಿ ಗಾಬರಿಯಿಲ್ಲ. ಆದರೆ ಆ ಕೈಗೆ ನಮ್ಮೂರಲ್ಲಿ ಸಂಬಳದ ಕೆಲಸ ಎಲ್ಲಿದೆ? ಹಸು ನೋಡಿದ್ದಕ್ಕೆ ಒಬ್ಬರು ಮೊಟ್ಟೆ ಕೊಟ್ಟರೆ ಇನ್ನೊಬ್ಬರು ಚೀಸ್ ಕೊಡುತ್ತಿದ್ದರು.

ಒಂದು ದಿನ ಗ್ವಾದಲಹಾರ ಪಟ್ಟಣದಿಂದ ಏಜೆಂಟ್ ಒಬ್ಬ ಎರೆಂದಿರಾಳ ಮನೆಗೆ ಬಂದ. ಉತ್ತರದಲ್ಲಿ ದೊಡ್ಡ ಡೇರಿ ಇದೆಯಂತೆ, ಇವಳಿಗೆ ವೀಸಾ ಮಾಡಿಸಿಕೊಡುತ್ತಾನಂತೆ. ಅದಕ್ಕೆ ಮುಂಗಡ ಕೊಡಬೇಕು, ಪಾಸ್‌ಪೋರ್ಟ್ ಅವನ ಹತ್ತಿರವೇ ಇರಬೇಕು. ಅವಳಪ್ಪ ದೋನ್ ಎಲ್ಯೂತೆರಿಯೊ ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಅವನು ಹೋದ ಮೇಲೆ ನನಗೆ ಹೇಳಿ ಕಳಿಸಿದ.

ನಾನು ಹೋದಾಗ ಊಟಕ್ಕೆ ಕೂತಿದ್ದರು. ಎರೆಂದಿರಾಳ ತಾಯಿ ಹಸಿಂತಾ ನನಗೂ ಒಂದು ತಟ್ಟೆ ಬೇಯಿಸಿದ ಬೀನ್ಸ್ ಕಾಳು, ಬಿಸಿ ರೊಟ್ಟಿ ಇಟ್ಟಳು.

"ಕೊಮಾದ್ರೆ, ಇವಳಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ," ಅಂದ ಎಲ್ಯೂತೆರಿಯೊ. "ಮೊದಲು ಗಡಿ ದಾಟಿಸೋ ದಲ್ಲಾಳಿಗಳು ತಲೆಗೆ ಟೋಪಿ ಹಾಕ್ಕೊಂಡು ಬರ್ತಿದ್ರು. ಈಗ ಟೈ ಕಟ್ಕೊಂಡು ಬರ್ತಾರೆ, ಅಷ್ಟೇ ವ್ಯತ್ಯಾಸ."

"ಆ ಮನುಷ್ಯನ ವಿಷಯ ಬೇರೆ, ವೀಸಾದ ವಿಷಯ ಬೇರೆ ಕೊಂಪಾದ್ರೆ. ವೀಸಾ ನಿಜವಾಗ್ಲೂ ಇದೆ. ನಾನೇ ಹೋಗಿ ಬಂದಿಲ್ವಾ?"

"ನಿಮ್ಮ ಅದೃಷ್ಟ ಚೆನ್ನಾಗಿತ್ತು. ಅವರು ಸುಮ್ಸುಮ್ನೆ ನಮ್ಮನ್ನ ಯಾಕೆ ಕರೀತಾರೆ? ನಾನು ವಿಸ್ಕಾನ್ಸಿನ್‌ನಲ್ಲಿ ಕದ್ದುಮುಚ್ಚಿ ವರ್ಷಗಟ್ಟಲೆ ಹಾಲು ಕರೆದವನು. ಅಲ್ಲಿ ನನಗೆ ಹೆಸರೇ ಇರ್ಲಿಲ್ಲ. 'ಏಯ್' ಅಂದ್ರೆ ಎದ್ದು ಹೋಗ್ಬೇಕು."

"ಸುಮ್ನೆ ಕರೆಯಲ್ಲ, ಅವರಿಗೆ ಬೇಕಾಗಿದೆ, ಅದಕ್ಕೇ ಕರೀತಾರೆ. ಅಮೆರಿಕ, ಕೆನಡಾ, ನಮ್ಮ ಮೆಕ್ಸಿಕೊ, ಮೂರೂ ಕೂತು ವ್ಯಾಪಾರದ ಒಪ್ಪಂದ ಮಾಡ್ಕೊಂಡಿವೆ. ಟೊಮೇಟೊ, ಕಾರು ಹೋಗಿ ಬರೋದಷ್ಟೇ ಅಲ್ಲ ಅದರಲ್ಲಿ. ಓದಿದ ಕೆಲವು ಕಸುಬಿನವರು ಒಬ್ಬರ ದೇಶಕ್ಕೆ ಒಬ್ಬರು ತಾತ್ಕಾಲಿಕವಾಗಿ ಹೋಗಿ ಕೆಲಸ ಮಾಡಬಹುದು ಅಂತಾನೂ ಇದೆ. ನರ್ಸು, ಇಂಜಿನಿಯರು, ಪಶುವಿಜ್ಞಾನಿ, ಹೀಗೆ. ಯಾವ ಯಾವ ಕಸುಬು ಅಂತ ಪಟ್ಟಿ ಮಾಡಿದ್ದಾರೆ."

"ಹಾಲು ಕರೆಯೋದು ಇದೆಯಾ ಪಟ್ಟೀಲಿ?"

"ಇಲ್ಲ."

"ನೋಡ್ದೆಯಾ," ಅಂದ ಅವನು ಹೆಂಡತಿಯ ಕಡೆ ತಿರುಗಿ. "ಸೊಂಟ ಮುರಿಯೋ ಕೆಲಸಕ್ಕೆ ಪಟ್ಟೀಲಿ ಜಾಗ ಇಲ್ಲ."

ಅವನು ಹೇಳಿದ್ದು ನಿಜವೇ.

ಹಸಿಂತಾ ಕೇಳಿದಳು, "ನಮ್ಮ ಮಗಳಿಗೆ ಆಗೋ ಮಾತು ಹೇಳಿ ಕೊಮಾದ್ರೆ. ಹೋದ್ರೆ ಎಷ್ಟು ದಿನ? ಮಧ್ಯೆ ಬರಬಹುದಾ?"

"ಒಂದು ಸಲಕ್ಕೆ ಮೂರು ವರ್ಷದ ತನಕ ಕೊಡ್ತಾರೆ. ಕೆಲಸ ಮುಂದುವರಿದ್ರೆ ಮತ್ತೆ ಕೇಳಬಹುದು. ವೀಸಾ ಅವಧಿ ಇರೋ ತನಕ ಊರಿಗೆ ಬಂದು ಹೋಗಬಹುದು. ಆದ್ರೆ ಅಲ್ಲೇ ಬೇರು ಬಿಡೋಕೆ ಈ ವೀಸಾ ಅಲ್ಲ. ಇನ್ನೊಂದು ವಿಷಯ ಮಗಳೇ," ಅಂತ ಎರೆಂದಿರಾ ಕಡೆ ನೋಡಿದೆ. "ಅಲ್ಲಿ ಡಾಕ್ಟರ್ ಅಂತ ಬೋರ್ಡ್ ಹಾಕೋಕೆ ಆ ರಾಜ್ಯದ ಪರವಾನಗಿ ಬೇರೆ ಬೇಕು. ನೀನು ಪಶುವಿಜ್ಞಾನಿಯಾಗಿ ಹೋಗಬಹುದು. ಮಂದೆಯ ಆರೋಗ್ಯ, ಮೇವು, ತಳಿ, ಇದೆಲ್ಲ ನೋಡಿಕೊಳ್ಳೋ ಕೆಲಸ. ಕೆಲಸ ಕೊಡೋ ಮಾಲೀಕರು ಒಂದು ಪತ್ರ ಕೊಡ್ತಾರೆ, ಅದರಲ್ಲಿ ಬರೆದ ಕೆಲಸವನ್ನೇ ಮಾಡಬೇಕು, ಬರೆದ ಮಾಲೀಕರ ಹತ್ರವೇ ಮಾಡಬೇಕು. ಮಾಲೀಕರು ಬದಲಾದ್ರೆ ಹೊಸದಾಗಿ ಒಪ್ಪಿಗೆ ಪಡೀಬೇಕು."

ಎರೆಂದಿರಾ ತಟ್ಟೆ ಪಕ್ಕಕ್ಕಿಟ್ಟಳು. "ಹಾಗಾದ್ರೆ ಆ ಏಜೆಂಟನ್ನ ಒಂದೇ ಮಾತು ಕೇಳಬೇಕು," ಅಂದಳು.

ಏಜೆಂಟ್ ಮತ್ತೆ ಬಂದಾಗ ಕೇಳಿದಳು. "ಅಲ್ಲಿ ಬೆಳಿಗ್ಗೆ ಎದ್ದು ನಾನು ಏನು ಕೆಲಸ ಮಾಡಬೇಕು?"

"ಡೇರಿ ಕೆಲಸ ಇರುತ್ತೆ."

"ಯಾವ ಡೇರಿ ಕೆಲಸ?"

"ಏನಮ್ಮ ನೀನು. ಪತ್ರದಲ್ಲಿ ಪಶುವಿಜ್ಞಾನಿ ಅಂತಾನೇ ಇರುತ್ತೆ. ಕೊಟ್ಟಿಗೆಯಲ್ಲಿ ಅವರು ಹೇಳಿದ್ದು ಮಾಡಿದ್ರಾಯ್ತು. ವೀಸಾ ಅಧಿಕಾರಿ ಕೇಳಿದ್ರೆ ಏನು ಹೇಳ್ಬೇಕು ಅಂತ ನಾನು ಕಲಿಸಿಕೊಡ್ತೀನಿ."

"ನಾನು ಮಾಡದೇ ಇರೋ ಕೆಲಸ ಹೇಳೋಕೆ ಕಲೀಬೇಕಾ?" ಅಂದಳು. ಅವನಿಗೆ ಕುಡಿಯಲು ಜಮೈಕಾ ಅನ್ನುವ ಕೆಂಪು ಹೂವಿನ ಶರಬತ್ತು ಕೊಟ್ಟು ಬಸ್ಸು ಹತ್ತಿಸಿದಳು.

ಊರಲ್ಲಿ ಆಡಿಕೊಂಡರು. ಬಾಗಿಲಿಗೆ ಬಂದ ಅದೃಷ್ಟವನ್ನು ಒದ್ದಳು ಅಂದರು, ಓದು ತಲೆಗೇರಿದೆ ಅಂದರು. ಅಪ್ಪನಿಗೆ ಒಳಗೊಳಗೇ ಸಮಾಧಾನ, ಇನ್ನು ಮಗಳು ಎಲ್ಲೂ ಹೋಗುವುದಿಲ್ಲವಲ್ಲ ಅಂತ. ಅದೇ ಏಜೆಂಟನ ಹಿಂದೆ ಹೋದ ಪಕ್ಕದೂರಿನ ಇಂಜಿನಿಯರ್ ಒಬ್ಬ ಕೋಳಿ ಫಾರಮ್ಮಿನಲ್ಲಿ ಹಿಕ್ಕೆ ಬಾಚುತ್ತಿದ್ದಾನೆ ಅಂತ ಆಮೇಲೆ ತಿಳಿಯಿತು.

ಎರೆಂದಿರಾ ಸುಮ್ಮನೆ ಕೂರಲಿಲ್ಲ. ಸಂಘದ ಕಂಪ್ಯೂಟರಿನಲ್ಲಿ ಕೂತು ತಾನೇ ಡೇರಿಗಳಿಗೆ ಬರೆಯತೊಡಗಿದಳು. ಹಗಲು ಹಸು ನೋಡಿ ಬಂದು, ಕೊಟ್ಟಿಗೆ ವಾಸನೆಯ ಬಟ್ಟೆಯಲ್ಲೇ ಇಂಗ್ಲಿಷ್ ಕಲಿತಳು. ಬಹಳ ದಿನ ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ಐಡಹೊ ರಾಜ್ಯದಿಂದ ವೆರ್ನಾ ಹೂಕ್ಸ್ಟ್ರಾ ಎಂಬ ಮಾಲೀಕಳು ಕರೆ ಮಾಡಿದಳು. ಅವಳ ಡೇರಿಯಲ್ಲಿ ಎಳೆಗರುಗಳು ಸಾಯುತ್ತಿದ್ದವು, ಕಾರಣ ತಿಳಿಯುತ್ತಿರಲಿಲ್ಲ. ಇಬ್ಬರೂ ಕರುಗಳ ಬಗ್ಗೆ ಮಾತಾಡುತ್ತಾ ಸಂಬಳದ ಮಾತನ್ನೇ ಮರೆತುಬಿಟ್ಟರಂತೆ. ಮಾರನೇ ದಿನ ಮಾಲೀಕಳೇ ನೆನಪಿಸಿಕೊಂಡು ಮತ್ತೆ ಫೋನ್ ಮಾಡಿದಳು.

ಪತ್ರ ಬಂತು. ಯಾವ ಕೆಲಸ, ಎಷ್ಟು ಕಾಲ, ಎಷ್ಟು ಸಂಬಳ, ಆ ಕೆಲಸಕ್ಕೆ ಈ ಓದು ಯಾಕೆ ಬೇಕು, ಎಲ್ಲ ಸ್ಪಷ್ಟವಾಗಿ ಬರೆದಿತ್ತು. ಅದನ್ನೂ ಪದವಿ ಪತ್ರವನ್ನೂ ಪಾಸ್‌ಪೋರ್ಟನ್ನೂ ತೆಗೆದುಕೊಂಡು ಅವಳು ಅಮೆರಿಕದ ಕಾನ್ಸುಲೇಟ್ ಕಚೇರಿಗೆ ಸಂದರ್ಶನಕ್ಕೆ ಹೋದಳು.

"ಹಾಲು ಕರೆಯೋರು ಬರದೇ ಹೋದ್ರೆ ನೀವು ಕರೀತೀರಾ?" ಅಂತ ಅಧಿಕಾರಿ ಕೇಳಿದರಂತೆ.

"ಹಸು ನೋವಿನಲ್ಲಿದ್ರೆ ಒಂದು ಹೊತ್ತು ಕೈ ಹಾಕ್ತೀನಿ. ಅದೇ ನನ್ನ ಕೆಲಸ ಆಗೋದಾದ್ರೆ ಮಾಡಲ್ಲ," ಅಂದಳಂತೆ ಇವಳು.

ವೀಸಾ ಸಿಕ್ಕಿತು. ಎಲ್ಯೂತೆರಿಯೊ ಮಗಳನ್ನು ತಬ್ಬಿಕೊಂಡು ಬೀಳ್ಕೊಟ್ಟ. ಬಾಯಲ್ಲಿ ಮಾತ್ರ ಹಳೆಯ ಹಾಡೇ: "ಹೋಗು. ಹಾಲು ಕರೆಸ್ತಾರೆ, ನೋಡ್ತಿರು."

ಅವನ ಮಾತು ಸುಳ್ಳಾಗಲಿಲ್ಲ. ಚಳಿಗಾಲದಲ್ಲಿ ಕೆಲಸದವರು ಕಡಿಮೆಯಾದಾಗ ಮೇಸ್ತ್ರಿ ಅವಳನ್ನು ಹಾಲು ಕರೆಯುವ ಸಾಲಿಗೆ ನಿಲ್ಲಿಸಿದ. ಕೆಚ್ಚಲು ಬಿಗಿದು ಹಸುಗಳು ಒರಲುತ್ತಿದ್ದವು. ಆ ಹೊತ್ತು ಅವಳು ಕರೆದಳು. ಮಾರನೇ ದಿನವೂ ಅಲ್ಲೇ ನಿಲ್ಲು ಅಂದ. ಅವಳು ಕೈ ತೊಳೆದುಕೊಂಡು ನೇರ ಮಾಲೀಕಳ ಹತ್ತಿರ ಹೋದಳು.

"ಇಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡ್ತಾರೆ. ನಾನೂ ಮಾಡ್ತೀನಿ," ಅಂದಳು ವೆರ್ನಾ ಸಿಟ್ಟಿನಿಂದ.

"ನೀವು ಮಾಡಬಹುದು, ಡೇರಿ ನಿಮ್ಮದು. ನಾನು ಬಂದಿರೋದು ಪತ್ರದ ಕೆಲಸಕ್ಕೆ. ಅದು ಬಿಟ್ಟು ಇದನ್ನೇ ಮಾಡ್ತಾ ಹೋದ್ರೆ ನನ್ನ ವೀಸಾಕ್ಕೂ ತೊಂದರೆ, ನಿಮಗೂ ತೊಂದರೆ. ಹಾಲು ಕರೆಯೋದು ಕೀಳು ಅಂತ ಅಲ್ಲ. ನಮ್ಮಪ್ಪ ಅದೇ ಕೆಲಸ ಮಾಡಿ ನನ್ನನ್ನ ಓದಿಸಿದ್ದು. ಆದ್ರೆ ನಿಮ್ಮ ಕರುಗಳು ಸಾಯ್ತಾ ಇವೆ. ನಾನು ಅವನ್ನ ನೋಡಬೇಕಾ, ಬೇಡವಾ?"

ವೆರ್ನಾ ತಕ್ಷಣ ಒಪ್ಪಲಿಲ್ಲ. ಎರಡು ದಿನ ಹಾಗೇ ಕಳೆಯಿತು. ಎರೆಂದಿರಾ ನನಗೆ ಫೋನ್ ಮಾಡಿ, "ಕೆಲಸ ಹೋದ್ರೆ ಹೋಗ್ಲಿ ಮದ್ರೀನಾ. ಪಾಸ್‌ಪೋರ್ಟ್ ನನ್ನ ಕೈಯಲ್ಲೇ ಇದೆ," ಅಂದಳು. ತೊಂದರೆ ಹೆಚ್ಚಾದರೆ ಅಲ್ಲಿನ ನಮ್ಮ ದೇಶದ ಕಾನ್ಸುಲೇಟಿಗೆ ಫೋನ್ ಮಾಡು ಅಂತ ಹೇಳಿದೆ.

ಫೋನ್ ಮಾಡುವ ಪ್ರಸಂಗ ಬರಲಿಲ್ಲ. ಮೂರನೇ ದಿನ ವೆರ್ನಾ ತಾನೇ ಬಂದು ಕರುಗಳ ಕೊಟ್ಟಿಗೆಯ ಕೀಲಿ ಕೊಟ್ಟಳು. ಎರೆಂದಿರಾ ಕರು ಹಾಕುವ ಹಸುಗಳ ಪಕ್ಕದಲ್ಲೇ ಕಾದು ಕೂತು ಗಮನಿಸಿದಳು. ಹುಟ್ಟಿದ ಕರುಗಳಿಗೆ ಗಿಣ್ಣುಹಾಲು ಬಹಳ ತಡವಾಗಿ ಸಿಗುತ್ತಿತ್ತು. ನಮ್ಮ ದೇಶದಿಂದಲೇ ಬಂದಿದ್ದ ಹಾಲು ಕರೆಯುವವರನ್ನೆಲ್ಲ ಕೂರಿಸಿಕೊಂಡು, ಅವರದೇ ಭಾಷೆಯಲ್ಲಿ, ಹುಟ್ಟಿದ ಕೂಡಲೇ ಕುಡಿಸುವುದು ಯಾಕೆ ಮುಖ್ಯ ಅಂತ ವಿವರಿಸಿದಳು. ಒಬ್ಬೊಬ್ಬರನ್ನೂ ಹೆಸರು ಹಿಡಿದೇ ಮಾತಾಡಿಸುತ್ತಿದ್ದಳಂತೆ. ವಸಂತ ಬರುವಷ್ಟರಲ್ಲಿ ಕರುಗಳ ಸಾವು ಬಹುಮಟ್ಟಿಗೆ ನಿಂತಿತು.

ಮುಂದಿನ ವರ್ಷ ಹಸಿಂತಾಗೆ ಹೊಟ್ಟೆಯ ದೊಡ್ಡ ಆಪರೇಷನ್ ಆಗಬೇಕಾಯಿತು. ಉಳಿಯುವುದು ಕಷ್ಟ ಅಂದರು ಡಾಕ್ಟರು. ಎರೆಂದಿರಾ ಹೊರಟೆ ಅಂದಾಗ ಎಲ್ಯೂತೆರಿಯೊ ನನ್ನೆದುರೇ ಫೋನಿನಲ್ಲಿ ಗದರಿಸಿದ. "ಬರಬೇಡ. ಒಂದು ಸಲ ಹೊರಗೆ ಬಂದ್ರೆ ಆಮೇಲೆ ಒಳಗೆ ಬಿಡಲ್ಲ. ನನಗೆ ಗೊತ್ತು."

"ಅಪ್ಪಾ, ನಿನಗೆ ಗೊತ್ತಿರೋದು ನಿನ್ನ ದಾರಿ. ನನ್ನ ವೀಸಾ ಇನ್ನೂ ನಡೀತಿದೆ. ಬರ್ತೀನಿ."

ಫೋನ್ ಇಟ್ಟ. ಆಮೇಲೆ ನನಗೆ ಹೇಳಿದ, "ನಮ್ಮವ್ವ ಸತ್ತಾಗ ನಾನು ವಿಸ್ಕಾನ್ಸಿನ್‌ನಲ್ಲಿದ್ದೆ ಕೊಮಾದ್ರೆ. ಕರೆಯೋ ಹಸುವಿನ ಪಕ್ಕದಲ್ಲೇ ನಿಂತು, ಫೋನಿನಲ್ಲಿ ಅವಳ ಅಂತ್ಯಕ್ರಿಯೆಯ ಪೂಜೆ ಕೇಳಿಸ್ಕೊಂಡೆ. ಪಾದ್ರಿ ಹೇಳ್ತಿದ್ದದ್ದು ಒಂದೂ ಕೇಳಿಸ್ಲಿಲ್ಲ. ಮಶೀನಿನ ಸದ್ದು."

ಎರೆಂದಿರಾ ಬಂದಳು. ಆಪರೇಷನ್ನಿಗೆ ಮುಂಚೆಯೇ ಬಂದು ತಾಯಿಯ ತಲೆ ಬಾಚಿ ಜಡೆ ಹಾಕಿದಳು. ಹಸಿಂತಾ ಉಳಿದಳು. ಅವಳು ಎದ್ದು ಓಡಾಡುವ ತನಕ ಮಗಳು ಜೊತೆಗಿದ್ದಳು. ಹೊರಡುವ ದಿನ ಅಪ್ಪ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ. ಅವಳನ್ನು ತಡೆಯುತ್ತಾರೆ ಅಂತಲೇ ಅವನಿಗೆ ಅನಿಸಿತ್ತು. ಸಂಜೆ ನಾನು ಅವರ ಮನೆಯಲ್ಲಿದ್ದಾಗಲೇ ಫೋನ್ ಬಂತು.

"ತಲುಪಿದೆ ಅಪ್ಪ. ಯಾವ ಡೇರಿ ಅಂತ ಕೇಳಿದ್ರು, ಹೇಳಿದೆ, ಬಿಟ್ರು."

"ಅಷ್ಟೇನಾ?"

"ಅಷ್ಟೇ."

ಎಲ್ಯೂತೆರಿಯೊ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋದ. ಅವನ ಕಣ್ಣಲ್ಲಿ ನೀರು ನೋಡಿದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ.

ಆ ಹುಡುಗಿಯನ್ನು ಎತ್ತಿ ಆಡಿಸಿದವಳು ನಾನು. ಆದರೂ ಈಗ ಅವಳ ಮಾತು ಬಂದರೆ ನನಗೇ ಗೊತ್ತಿಲ್ಲದೆ ಗೌರವ ಬರುತ್ತದೆ. ಸುಳ್ಳು ಹೇಳಿ ಹೋಗುವುದು ಅವಳಿಗೆ ಸುಲಭವಿತ್ತು, ಹೆದರಿಕೊಂಡು ಸುಮ್ಮನಿರುವುದು ಅದಕ್ಕಿಂತ ಸುಲಭವಿತ್ತು. ಎರಡನ್ನೂ ಅವಳು ಮಾಡಲಿಲ್ಲ.

ನಿಮ್ಮ ಮನೆಯಲ್ಲೂ ಓದಿದ ಮಗನೋ ಮಗಳೋ ಇರಬಹುದು. ಅವರ ಕಸುಬು ಪಟ್ಟಿಯಲ್ಲಿದೆಯೇ ಅಂತ ಮೊದಲು ವಿಚಾರಿಸಿ. ಕೆಲಸ ಹುಡುಕಿಕೊಡುತ್ತೇನೆ ಅಂತ ಕೆಲಸಗಾರರಿಂದ ದುಡ್ಡು ಕೇಳುವುದು ನಮ್ಮ ಕಾನೂನಿಗೆ ವಿರುದ್ಧ. ಕೇಳಿದರೆ ಕೊಡಬೇಡಿ. ಪಾಸ್‌ಪೋರ್ಟನ್ನು ಯಾರ ಕೈಗೂ ಒಪ್ಪಿಸಿ ಕೂರಬೇಡಿ. ಬೆಳಿಗ್ಗೆ ಎದ್ದು ಏನು ಕೆಲಸ ಅಂತ ಕೇಳಿ. ಉತ್ತರಕ್ಕೂ ಪತ್ರಕ್ಕೂ ತಾಳೆಯಾಗದಿದ್ದರೆ ಹೋಗಬೇಡಿ. ಗಂಡನೋ ಹೆಂಡತಿಯೋ ಜೊತೆಗೆ ಹೋಗಬಹುದು, ಮಕ್ಕಳು ಅಲ್ಲಿ ಓದಬಹುದು. ಆದರೆ ಆ ವೀಸಾದ ಮೇಲೆ ಅವರು ದುಡಿಯುವಂತಿಲ್ಲ. ಹೊರಡುವ ಮುಂಚೆಯೇ ಅದನ್ನು ತಿಳಿದುಕೊಳ್ಳಿ.

ಗುರುವಾರ ಸಂಜೆ ಹಾಲಿನ ಸಂಘಕ್ಕೆ ಬನ್ನಿ. ನಾನಿರುತ್ತೇನೆ. ನನಗಿಂತ ಮುಂಚೆ ಬಂದು ಬೆಂಚು ಒರೆಸಿ ಕೂತಿರುತ್ತಾನೆ ದೋನ್ ಎಲ್ಯೂತೆರಿಯೊ. ಅವನನ್ನು ಕೇಳಿ. ಕೇಳದಿದ್ದರೂ ಹೇಳುತ್ತಾನೆ: "ಮಕ್ಕಳನ್ನ ಕಳಿಸಿ, ಬೇಡ ಅನ್ನಲ್ಲ. ಆದ್ರೆ ಅವ್ವನಿಗೆ ಹುಷಾರಿಲ್ಲ ಅಂದಾಗ ಎದ್ದು ಬರೋಕೆ ಆಗೋ ಹಾಗೆ ಕಳಿಸಿ."